ಮಹಾಂತಮ್ಮನ ನಾಲ್ಕು ಹಾಳೆ

ಆದೋನಿಯ ನಮ್ಮ ಓಣಿಯಲ್ಲಿ ಕನ್ನಡ ಆಡುವ ಬಾಯಿಗಳು ಬೇಕಾದಷ್ಟಿವೆ. ಓದುವ ಕಣ್ಣು ಮಾತ್ರ ಎರಡೇ. ಅವು ಹತ್ತಿ ವ್ಯಾಪಾರಿ ಚಂದ್ರಣ್ಣನ ಹೆಂಡತಿ ಮಹಾಂತಮ್ಮನವು. ಮಿಕ್ಕವರೆಲ್ಲ ತೆಲುಗು ಶಾಲೆಯಲ್ಲಿ ಕಲಿತವರು. ಸಿರುಗುಪ್ಪದಲ್ಲಿ ಏಳನೆಯ ತರಗತಿ ಮುಗಿಸಿ ಸೊಸೆಯಾಗಿ ಬಂದ ಈಕೆ, ಶ್ರಾವಣದ ಮಧ್ಯಾಹ್ನಗಳಲ್ಲಿ ಮಠದ ಕಟ್ಟೆಯ ಮೇಲೆ ಕೂತು ಹೆಂಗಸರಿಗೆ ಒಬ್ಬ ಶರಣೆಯ ಪುರಾಣ ಓದುತ್ತಾ ಬಂದು ಇಪ್ಪತ್ತಮೂರು ವರ್ಷವಾಯಿತು. ಗಂಡಸರು ಬರುವುದು ಪ್ರಸಾದದ ಹೊತ್ತಿಗೆ.

ಹೋದ ವರ್ಷ ಆ ಎರಡು ಕಣ್ಣೂ ಮಂಜಾದವು. ಕಾಲೇಜು ಓದುವ ಮೊಮ್ಮಗಳು ಸುಷ್ಮಾ ಒಂದು ಇ-ರೀಡರ್ ತಂದು, ಅದರಲ್ಲಿ ಅದೇ ಪುರಾಣ ತುಂಬಿ, ಅಕ್ಷರಗಳನ್ನು ಹುಣಸೆಬೀಜದಷ್ಟು ದೊಡ್ಡದು ಮಾಡಿಕೊಟ್ಟಳು. ಮೊದಲ ದಿನ ಮಹಾಂತಮ್ಮ ವಾಡಿಕೆಯಂತೆ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸಿದಳು. ಬೆರಳು ತಾಗಿ ಪುರಾಣ ಮೂರು ಪುಟ ಮುಂದಕ್ಕೆ ಓಡಿತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಮಹಾಂತಮ್ಮ ನಗಲಿಲ್ಲ. ಹಿಂದಿನ ದಿನ ಮನೆಯಲ್ಲಿ ಓದಿ ನೋಡಿದಾಗಲೇ ಆಕೆಗೆ ತನ್ನ ತಪ್ಪು ಕಂಡಿತ್ತು. ಹಳೆಯ ಪುಸ್ತಕದ ನಾಲ್ಕು ಹಾಳೆಗಳನ್ನು ಗೆದ್ದಲು ತಿಂದಿತ್ತು. ಮೊದಲ ವರ್ಷ ಅಲ್ಲಿಗೆ ಬಂದಾಗ ಕಥೆ ನಿಲ್ಲಿಸಲಾರದೆ ತಾನೇ ಕಟ್ಟಿ ಹೇಳಿಬಿಟ್ಟಿದ್ದಳು: ಶರಣೆಯನ್ನು ಮನೆಯಿಂದ ಹೊರಹಾಕಿದ ಅತ್ತೆ, ಮನಸ್ಸು ತಡೆಯದೆ ಬುತ್ತಿ ಕಟ್ಟಿಕೊಂಡು ಹುಡುಕುತ್ತಾ ಬಂದು, ಸೊಸೆಗೆ ಕೈತುತ್ತು ತಿನ್ನಿಸುತ್ತಾಳೆ. ವರ್ಷವರ್ಷವೂ ಅದೇ ನಡೆಯಿತು. ಇ-ರೀಡರಿನಲ್ಲಿ ಹಾಳೆಗಳೆಲ್ಲ ಇದ್ದವು, ಅವುಗಳಲ್ಲಿ ಅತ್ತೆ ಶಾಪದಿಂದ ಕಲ್ಲಾಗುತ್ತಾಳೆ. ಮಹಾಂತಮ್ಮನ ಸ್ವಂತ ಅತ್ತೆ ಬುತ್ತಿ ಕಟ್ಟುವ ಪೈಕಿಯವಳಲ್ಲ ಎಂಬುದು ಓಣಿಗೇ ಗೊತ್ತು.

ದೇವರ ಹೆಸರಿನಲ್ಲಿ ಇಷ್ಟು ವರ್ಷ ಸುಳ್ಳು ಓದಿದೆನಲ್ಲ ಎಂದು ಆಕೆಗೆ ಅನ್ನ ಸೇರಲಿಲ್ಲ. ಹನ್ನೆರಡನೆಯ ದಿನ ಆ ಜಾಗ ಬಂತು. ಇದ್ದದ್ದನ್ನು ಇದ್ದಂತೆ ಓದಿದಳು. ಅತ್ತೆ ಕಲ್ಲಾದಳು. ಪ್ರತಿವರ್ಷ ಬುತ್ತಿಯ ಹೊತ್ತಿಗೆ ಸೆರಗು ತೋಯಿಸುತ್ತಿದ್ದ ನೆರೆಮನೆಯ ಮುದುಕಿ ಬಸವಕ್ಕ ತಲೆ ಎತ್ತಿದಳು.

“ಈ ಡಬ್ಬಿ ತಪ್ಪು ಹೇಳಾಕತ್ತೈತಿ, ಮಹಾಂತಮ್ಮಾ. ಬುತ್ತಿ ಎಲ್ಲಿ ಹೋತು?”

“ಬುತ್ತಿ ಪುಸ್ತಕದಾಗ ಇಲ್ಲ, ಬಸವಕ್ಕಾ. ಅದು ನಾ ಕಟ್ಟಿ ಹೇಳಿದ್ದು. ನಂದು ತಪ್ಪಾಗೈತಿ.”

ಬಸವಕ್ಕ ಮುಂದೆ ಸರಿದು ಕೂತಳು.

“ಆರು ವರ್ಷದ ಹಿಂದ ಅದನ್ನ ಕೇಳಿದ ಮರುದಿನಾನ ನಾ ರೊಟ್ಟಿ ಕಟ್ಟಿಕೊಂಡು ನಂದವರಕ್ಕ ಹೋಗಿ, ತವರಿಗೆ ಓಡಿಸಿದ್ದ ಸೊಸಿನ್ನ ಕರಕೊಂಡು ಬಂದೀನಿ. ಅದು ಸುಳ್ಳಾದ್ರ ಆಕಿ ನನ್ನ ಮನ್ಯಾಗ ಹೆಂಗ ಅದಾಳ? ಹೇಳು, ಬುತ್ತಿ ಕಥಿ ಹೇಳು.”

ಮಹಾಂತಮ್ಮ ಇ-ರೀಡರ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಹೇಳಿದಳು. ಪಕ್ಕದಲ್ಲಿ ಕೂತಿದ್ದ ಸುಷ್ಮಾ ಅಷ್ಟನ್ನೂ ತನಗೆ ಬರುವ ತೆಲುಗು ಅಕ್ಷರಗಳಲ್ಲೇ ಬರೆದುಕೊಂಡಳು.

ಈಗ ತೆಲುಗು ಅಕ್ಷರದ ಆ ಬುತ್ತಿಯ ನಾಲ್ಕು ಹಾಳೆಗಳೂ ಇ-ರೀಡರಿನೊಳಗಿವೆ. ಈ ಶ್ರಾವಣದಲ್ಲಿ ಅಲ್ಲಿಗೆ ಬಂದಾಗ ಮೊಮ್ಮಗಳು ಓದಿದಳು, ಮಹಾಂತಮ್ಮ ಹೆಂಗಸರ ನಡುವೆ ಹೋಗಿ ಕೂತಳು. ಅತ್ತೆ ಬುತ್ತಿ ಬಿಚ್ಚಿದಾಗ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಆಕೆಯೂ ಅತ್ತಳು.