ಒಂದು ಮಹಾಪ್ರಾಣ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಗೆ ಅವಳು ಟೈಪಿಸ್ಟ್ ಆಗಿ ಸೇರಿದ್ದಳು. ಮೇಜಿನ ಕೆಳಗೆ, ನೆಲಮಾಳಿಗೆಯಲ್ಲಿ ಬಾಯ್ಲರ್. ಚಪ್ಪಲಿ ಬಿಟ್ಟು ಕೂತರೆ ನೆಲ ಅಂಗಾಲಿಗೆ ಬೆಚ್ಚಗೆ ತಾಗುತ್ತಿತ್ತು. ಬಾಯ್ಲರ್ ನೋಡಿಕೊಳ್ಳುವವರು ಅವಳ ಸೋದರಮಾವ. ಅವಳನ್ನು ಓದಿಸಿದ್ದೂ, ಈ ಕೆಲಸ ಕೊಡಿಸಿದ್ದೂ ಅವರೇ.

ಅವಳು ಮೊಬೈಲಿನಲ್ಲಿ ಪಾಠ ನೋಡಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆಂದು ಯಾರೋ ಮ್ಯಾನೇಜರ್ ಕಿವಿಗೆ ಹಾಕಿದರು. ಹೊರಗಿನವರಿಂದ ಮಾಡಿಸಿದರೆ ದುಬಾರಿಯೆಂದು ಕಂಪನಿಯ ಬಜೆಟ್ ಅಪ್ಲಿಕೇಶನ್ ಬರೆಯುವ ಕೆಲಸ ಅವಳ ತಲೆಗೆ ಬಿತ್ತು. ಜೊತೆಗೆ ‘ಇಂಜಿನಿಯರಮ್ಮ’ ಎಂಬ ಅಡ್ಡಹೆಸರೂ.

ಮೊದಮೊದಲು ಬರೆದ ಸಾಲಿಗೆಲ್ಲ ಕೆಂಪು ಅಕ್ಷರದ ಬೈಗುಳ. ಆವರಣ ಮುಚ್ಚದಿದ್ದರೆ ಮುನಿಸು, ಚುಕ್ಕಿ ಬಿಟ್ಟರೆ ಮುನಿಸು. ಅವಳು ಪಟ್ಟು ಬಿಡಲಿಲ್ಲ. ಪ್ರತಿ ವಿಭಾಗದವರೂ ತಮಗೇನು ಬೇಕೆಂದು ತಾವೇ ಟೈಪ್ ಮಾಡಬೇಕು. ಅಪ್ಲಿಕೇಶನ್ ಆ ಪದ ನೋಡಿ ಸಂಬಳ, ವಿದ್ಯುತ್, ದುರಸ್ತಿ ಎಂದು ಬೇರೆಬೇರೆ ಮಾಡಬೇಕು. ಯಾವುದಕ್ಕೂ ಹೊಂದದ ಪದ ಬಂದಾಗಲೆಲ್ಲ ಅದು ನಿಂತುಬಿಡುತ್ತಿತ್ತು. ಅದಕ್ಕೆಂದು ಕೊನೆಯಲ್ಲಿ ‘ಇತರೆ’ ಎಂಬ ಗೂಡು ಕಟ್ಟಿದಳು. ಬೈಗುಳ ನಿಂತು ಪರದೆ ತಣ್ಣಗಾಯಿತು. ಗೆದ್ದೆ ಅಂದುಕೊಂಡಳು.

ಸಭೆಯಲ್ಲಿ ಮ್ಯಾನೇಜರ್ ಹಿಗ್ಗಿ ಹೋದರು. “ಭೇಷ್ ಇಂಜಿನಿಯರಮ್ಮ! ಇದೇನಿದು, ಇತರೆ?”

“ಹೆಸರಿಲ್ಲದ ಸಣ್ಣಪುಟ್ಟ ಖರ್ಚು ಸರ್.”

“ಹೆಸರೇ ಇಲ್ಲ ಅಂದ್ಮೇಲೆ ಅದಕ್ಕೆ ದುಡ್ಡ್ಯಾಕೆ? ಸೊನ್ನೆ ಹಾಕಿ.”

ಎಲ್ಲರೂ ನಕ್ಕರು. ಅವಳೂ ನಕ್ಕಳು, ಸೊನ್ನೆ ಹಾಕಿದಳು.

ಆಮೇಲಿನ ದಿನಗಳಲ್ಲಿ ನೆಲ ಯಾಕೋ ಬಿಸಿಯೇರುತ್ತಾ ಹೋಯಿತು. ಬರಿಗಾಲು ಊರಲಾಗದೆ ಅವಳು ಚಪ್ಪಲಿ ಹಾಕಿಕೊಂಡೇ ಕೂರತೊಡಗಿದಳು. ಒಂದು ಮಧ್ಯಾಹ್ನ ಮಾವನ ಜೊತೆ ಊಟಕ್ಕೆ ಕೆಳಗಿಳಿದಾಗ ಬಾಯ್ಲರ್ ಹಲ್ಲು ಕಡಿಯುವಂಥ ಸದ್ದು ಮಾಡುತ್ತಿತ್ತು.

“ಏನ್ಮಾವ ಇದು?”

“ಸೇಫ್ಟಿ ವಾಲ್ವ್ ಕಚ್ಕೊಂಡಿದೆ ಕಣೇ. ಒತ್ತಡ ಹೆಚ್ಚಾದ್ರೆ ತಾನೇ ತೆರ್ಕೊಂಡು ಹಬೆ ಬಿಡ್ಬೇಕು. ಬಿಡ್ತಾ ಇಲ್ಲ. ಮೀಟರ್ ಮುಳ್ಳು ನೋಡ್ಕೊಂಡು ಹೇಗೋ ಸಂಭಾಳಿಸ್ತಾ ಇದೀನಿ. ನಿನ್ನ ಬಜೆಟ್‌ನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಕೇಳಿದ್ದೆ. ಮಂಜೂರಾಗ್ಲಿಲ್ಲ ಅಂದ್ರು.”

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೇಲೋಡಿ ಬಂದು ‘ಇತರೆ’ ತೆರೆದಳು. ಮೊದಲ ಸಾಲೇ ಅದು: ಬಾಯ್ಲರ್ ವಾಲ್ವ್ ದುರಸ್ಥಿ. ತ ಒತ್ತಿನ ಜಾಗದಲ್ಲಿ ಥ ಒತ್ತು. ಓದುವ ಮನುಷ್ಯರಿಗೆ ಎರಡೂ ಒಂದೇ. ಅವಳು ಕಟ್ಟಿದ ಅಪ್ಲಿಕೇಶನ್‌ಗೆ ಹಾಗಲ್ಲ.

ಮ್ಯಾನೇಜರ್ ಕೋಣೆಗೆ ಹೋಗಿ, “ತಪ್ಪು ನಂದು ಸರ್, ಒಂದಕ್ಷರ ಹೊಂದದೆ ವಾಲ್ವ್ ದುರಸ್ತಿ ಇತರೆಗೆ ಹೋಗಿದೆ. ಬಾಯ್ಲರ್ ಇವತ್ತೇ ನಿಲ್ಸಿ” ಎಂದಳು.

ಮ್ಯಾನೇಜರ್ ತಲೆ ಎತ್ತಲಿಲ್ಲ. “ಬಜೆಟ್‌ಗೆ ಸಹಿ ಆಗಿ ಹೋಗಿದೆಯಮ್ಮ. ಈ ಆರ್ಡರ್ ಮುಗೀಲಿ, ನೋಡೋಣ. ಒಂದಕ್ಷರಕ್ಕೆ ಕಾರ್ಖಾನೆ ನಿಲ್ಲಿಸ್ತಾರಾ ಯಾರಾದ್ರೂ?”

ಮತ್ತೆ ಕೆಳಗಿಳಿದಾಗ ಮೆಟ್ಟಿಲ ಕಂಬಿಯೂ ಸುಡುತ್ತಿತ್ತು.

“ಮಾವ, ಬೆಂಕಿ ಆರ್ಸಿ.”

“ಇದನ್ನ ಆರಿಸಿದ್ರೆ ಅವ್ರು ನಮ್ಮನೆ ಒಲೆ ಆರಿಸ್ತಾರೆ.”

“ನೀವು ದುರಸ್ತಿಗೆ ಮಹಾಪ್ರಾಣ ಹಾಕಿದ್ರಿ. ಅದಕ್ಕೇ ಇತರೆಗೆ ಹೋಯ್ತು. ಎರಡೂ ಒಂದೇ ಅಂತ ನಾನು ಅದಕ್ಕೆ ಹೇಳ್ಕೊಟ್ಟಿರ್ಲಿಲ್ಲ.”

“ಅಯ್ಯೋ, ದೊಡ್ಡವರು ಓದೋದು, ಗತ್ತಾಗಿರ್ಲಿ ಅಂತ ಹಾಕ್ದೆ ಕಣೇ. ಮಹಾಪ್ರಾಣ ಹಾಕಿ ಪ್ರಾಣಕ್ಕೇ ಕುತ್ತು ತಂದ್ಕೊಂಡ್ನಾ?” ಮಾವ ತಾವೇ ನಕ್ಕರು. ನಗುತ್ತಲೇ ಮುಳ್ಳಿನ ಕಡೆ ನೋಡಿದರು. ನಗು ಅಲ್ಲಿಗೇ ನಿಂತಿತು.

ಮುಳ್ಳು ಕೆಂಪು ಗೆರೆ ದಾಟಿತ್ತು.

ಅವರು ಏಳುವ ಮೊದಲೇ ಅವಳು ಗೋಡೆಯ ಗುಂಡಿ ಒತ್ತಿದಳು. ಬೆಂಕಿ ಆರಿತು. “ನಾನೇ ಆರ್ಸಿದ್ದು ಅಂತ ಹೇಳಿ.”

ತುಸು ಹೊತ್ತಿಗೆ ಮೇಲೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಆ ಮೌನದಲ್ಲಿ ಹಲ್ಲು ಕಡಿಯುವ ಸದ್ದು ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು.

“ನೀನು ಹೊರಗೆ ಹೋಗು” ಎಂದರು ಮಾವ. ಅವಳು ಹೋಗಲಿಲ್ಲ.

ಮೆಟ್ಟಿಲ ಮೇಲೆ ಮ್ಯಾನೇಜರ್ ಬೂಟುಗಳು ಇಳಿದು ಬರುತ್ತಿದ್ದವು. ಮುಳ್ಳು ಇನ್ನೂ ಇಳಿದಿರಲಿಲ್ಲ.