ಜಗಲಿಯ ಮೇಲೆ ಕೂರದ ತಿಂಗಳುಗಳು

ಬಂಗಾರಪೇಟೆಯಿಂದ ಕ್ಯಾಸಂಬಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು, ಕೆರೆ ಕಟ್ಟೆಯ ಮೇಲೆ ಅರ್ಧ ಮೈಲಿ ನಡೆದರೆ ಸಿಗುವ ಊರದು. ಯಾವ ಮನೆಯ ಸೊಸೆ ಯಾವ ವಾರ ಮುಟ್ಟಾದಳೆಂದು ಅಲ್ಲಿ ಊರಿಗೆಲ್ಲ ಗೊತ್ತು. ಗೊತ್ತಾಗದೆ ಏನು? ಮುಟ್ಟಾದವಳು ಮೂರು ದಿನ ಒಳಗೆ ಕಾಲಿಡುವಂತಿಲ್ಲ. ಬೀದಿಗೆ ಕಾಣುವ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟುಕೊಂಡು ಕೂತಿರಬೇಕು. ನೀರಿಗೆ ಹೋಗುವ ಹೆಂಗಸರು ಒಮ್ಮೆ ಆ ಕಡೆ ನೋಡಿ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ಕೂತವಳನ್ನು ಯಾರೂ ಏನೂ ಅನ್ನುವುದಿಲ್ಲ. ಕೂರಬೇಕಾದ ವಾರ ಕೂರದವಳ ಮೇಲೆ ಮಾತ್ರ ಎಲ್ಲರ ಕಣ್ಣು.

ಗಂಗರತ್ನ ಆ ಊರಿನ ಕೋದಂಡಪ್ಪನ ಹೆಂಡತಿಯಾಗಿ ಬಂದದ್ದು 1985ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಕೋದಂಡಪ್ಪ ಬೀನ್ಸು, ಟೊಮೆಟೊ ಬೆಳೆದು ಸೈಕಲ್ಲಿನ ಮೇಲೆ ಬಂಗಾರಪೇಟೆ ಮಾರ್ಕೆಟ್ಟಿಗೆ ಹಾಕುವವನು. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಅಮ್ಮ ಮುನಿಶಾಮಮ್ಮ ಎದುರಿಗೆ ಬಂದರೆ ಅವನ ಬಾಯಿ ಹೊಲಿದಂತಾಗುತ್ತಿತ್ತು. ಮುನಿಶಾಮಮ್ಮನೂ ಕೆಟ್ಟವಳೆಂದು ನಾನು ಹೇಳಲಾರೆ. ಕೆಟ್ಟವಳಾಗಿದ್ದರೆ ಗಂಗರತ್ನ ಜಗಳವಾಡಿ ಬದುಕಿಕೊಳ್ಳುತ್ತಿದ್ದಳು. ಆ ಅತ್ತೆ ಪ್ರೀತಿ ಮಾಡುತ್ತಿದ್ದಳು, ಕಷ್ಟ ಶುರುವಾದದ್ದೇ ಅಲ್ಲಿಂದ.

ಮದುವೆಯಾದ ವರ್ಷವೇ ಗಂಗರತ್ನ ಮೂರು ತಿಂಗಳು ಜಗಲಿಗೆ ಬರಲಿಲ್ಲ. ಮುನಿಶಾಮಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೊಸೆ ಕೊಡ ಎತ್ತಬಾರದು, ಸೆಗಣಿ ಬಾಚಬಾರದು, ಹೊಲದ ಕಡೆ ತಲೆ ಹಾಕಬಾರದು. ಎಲ್ಲರಿಗೂ ಮುದ್ದೆಯಾದರೆ ಅವಳಿಗೆ ಮಾತ್ರ ಬಿಳಿ ಅನ್ನ, ಮೇಲೆ ತುಪ್ಪ. ಬೆಳಿಗ್ಗೆ ತಂಬಿಟ್ಟು, ಸಂಜೆ ಬೆಲ್ಲದ ಪಾನಕ.

"ತಿನ್ನಮ್ಮ, ನೀನು ತಿಂದ್ರೆ ಒಳಗಿರೋದು ತಿಂದಂಗೆ," ಎನ್ನುತ್ತ ಪಕ್ಕದಲ್ಲೇ ಕೂತು ತಿನ್ನಿಸುತ್ತಿದ್ದಳು. ನಾಲ್ಕನೇ ತಿಂಗಳು ಗಂಗರತ್ನಳಿಗೆ ವಿಪರೀತ ರಕ್ತ ಹೋಯಿತು. ಬಸುರು ಇಳಿಯಿತೆಂದು ಅತ್ತೆ ಎದೆ ಬಡಿದುಕೊಂಡು ಅತ್ತಳು.

ಮತ್ತೆರಡು ಸಲ ಹೀಗೇ ಆಯಿತು. ಮೂರು ನಾಲ್ಕು ತಿಂಗಳು ಜಗಲಿ ಖಾಲಿ, ಅನ್ನ ತುಪ್ಪದ ಉಪಚಾರ, ಆಮೇಲೆ ರಕ್ತ. ಪ್ರತಿ ಸಲವೂ ಗಂಗರತ್ನ ಇನ್ನಷ್ಟು ದಪ್ಪಗಾದಳು. ಗಲ್ಲದ ಕೆಳಗೆ ಗಡುಸು ಕೂದಲು ಬಂದವು. ಹಿತ್ತಲಲ್ಲಿ ಕನ್ನಡಿ ಹಿಡಿದು ಕೀಳುತ್ತಿದ್ದಳು. ಮೂರನೇ ಸಲ ಆದ ಮೇಲೆ ಊರಿನಲ್ಲಿ ಯಾರೂ ಅಳಲಿಲ್ಲ. ಅವಳು ಬಂದರೆ ಬಾವಿಕಟ್ಟೆಯ ಮಾತು ನಿಂತುಹೋಗುತ್ತಿತ್ತು. ಕೂಸಿರುವವರು ಸೆರಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ತನ್ನ ಬಸುರನ್ನು ತಾನೇ ನುಂಗುವವಳು ಎಂದು ಹೆಸರಿಟ್ಟಿದ್ದಾರೆಂದು ಅವಳಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ತಿಳಿದ ದಿನ ತನ್ನ ಹೊಟ್ಟೆಯನ್ನು ಮುಟ್ಟಿಕೊಳ್ಳಲೂ ಅವಳಿಗೆ ಭಯವಾಯಿತು.

ಕಡೆಗೆ ಕೋದಂಡಪ್ಪ ಅಮ್ಮನಿಗೆ ಹೇಳದೆ ಹೆಂಡತಿಯನ್ನು ಆಂಡರ್ಸನ್‌ಪೇಟೆಯ ಒಬ್ಬರು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಬೆಂಗಳೂರಿಗೆ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಬೆಳಗಿನ ರೈಲಿಗೆ ಹೋಗಿ ಬಂದು ಕಾಗದ ಮುಂದಿಟ್ಟರೆ, ಡಾಕ್ಟರು ಕನ್ನಡಕ ತೆಗೆದು ನೇರವಾಗಿ ಹೇಳಿಬಿಟ್ಟರು.

"ನೋಡಮ್ಮಾ, ನೀನು ಒಂದು ಸಲವೂ ಬಸುರಿ ಆಗಿದ್ದೆ ಅಂತ ನನಗೆ ಅನ್ನಿಸಲ್ಲ. ಪಾಲಿಸಿಸ್ಟಿಕ್ ಓವರಿ ಅಂತಾರೆ ಇದನ್ನ. ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಇದಾವೆ. ಅದಕ್ಕೇ ಮುಟ್ಟು ತಿಂಗಳುಗಟ್ಟಲೆ ನಿಲ್ಲತ್ತೆ, ಆಮೇಲೆ ಒಂದೇ ಸಲ ಹೋಗತ್ತೆ. ಮನೇಲಿ ಅನ್ನ, ಬೆಲ್ಲ, ತುಪ್ಪ ಕೊಟ್ಟು ಕೂರಿಸ್ತಾರಲ್ಲ, ಅದು ಇನ್ನೂ ಜಾಸ್ತಿ ಮಾಡತ್ತೆ."

ಬಿಳಿ ಅನ್ನ, ಸಕ್ಕರೆ, ಬೆಲ್ಲ ಬಿಡಬೇಕು. ಚಿಕ್ಕ ರಾಗಿಮುದ್ದೆ, ಸೊಪ್ಪು, ಹುರುಳಿ, ಮಜ್ಜಿಗೆ. ದಿನಾ ಬೆಳಿಗ್ಗೆ ಒಂದು ಗಂಟೆ, ಬೆವರು ಇಳಿಯುವ ಹಾಗೆ ಬಿರಬಿರನೆ ನಡೆಯಬೇಕು. ತೂಕ ಇಳಿದರೆ ಮುಟ್ಟು ಸರಿಹೋಗಬಹುದು, ಅದು ಸರಿಹೋದ ಮೇಲೆ ಮಗುವಿನ ಮಾತು. ಇಷ್ಟೇ ಔಷಧಿ.

ಇಷ್ಟೇ ಅಂದರೆ ಇಷ್ಟೇನೇ? ಸೊಸೆಯಾದವಳು ಕೈಯಲ್ಲಿ ಕೊಡವಿಲ್ಲದೆ, ಕುಡುಗೋಲಿಲ್ಲದೆ ಸುಮ್ಮನೆ ದಾರಿಯಲ್ಲಿ ನಡೆದರೆ ಆ ಊರು ಬಿಟ್ಟೀತೆ? ಹುಚ್ಚು ಹಿಡಿದಿದೆ ಅನ್ನುತ್ತಾರೆ, ಇಲ್ಲವೆ ಅದಕ್ಕಿಂತ ಕೆಟ್ಟದ್ದನ್ನು. ಜೊತೆಗೆ, ಬಸುರೇ ನಿಂತಿರಲಿಲ್ಲ ಎಂದರೆ ಬಂಜೆ ಎಂದು ಬರೆದುಕೊಟ್ಟಂತೆ. ಕೋದಂಡಪ್ಪ ಹೊರಗೆ ಬಂದು, "ಅಮ್ಮಂಗೆ ಇದ್ಯಾವ್ದೂ ಗೊತ್ತಾಗೋದು ಬ್ಯಾಡ ಕಣೇ," ಎಂದ. ದಾರಿ ತೋರಿಸಿದವಳು ಅಲ್ಲಿನ ನರ್ಸು ನರಸಮ್ಮ.

"ಹರಕೆ ಅಂತ ಯೋಳು. ಹರಕೆಗೆ ಯಾವ ಅತ್ತೆ ಅಡ್ಡ ಬರ್ತಾಳೆ?" ಎಂದಳು ಅವಳು.

ಊರಾಚೆ ದಿಣ್ಣೆಯ ಮೇಲೆ ಮುತ್ಯಾಲಮ್ಮನ ಗುಡಿಯಿದೆ. ನಲವತ್ತೆಂಟು ದಿನ ಬೆಳಗಿನ ಜಾವ ಅಲ್ಲಿಗೆ ನಡೆದು ನೂರೆಂಟು ಪ್ರದಕ್ಷಿಣೆ, ಅಲ್ಲಿಯವರೆಗೆ ಅನ್ನ ಬೆಲ್ಲ ಮುಟ್ಟುವುದಿಲ್ಲ ಎಂದು ಗಂಗರತ್ನ ಮನೆಯಲ್ಲಿ ಹೇಳಿದಳು. ಮುನಿಶಾಮಮ್ಮ ದೇವರ ಕಡೆ ತಿರುಗಿ ಕೈ ಮುಗಿದಳು. ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದ ಗಂಗರತ್ನ ಆ ಕಡೆ ತಿರುಗಲಾರದೆ ಹಿತ್ತಲಿಗೆ ಹೋದಳು. ಮೊದಲ ದಿನ ದಿಣ್ಣೆ ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡು ಕೂತುಬಿಟ್ಟಳು. "ತಾಯೀ, ಸುಳ್ಳೇ ಔದು. ಆದ್ರೂ ನಡಿಯಾಕ್ ಬಿಡು," ಎಂದು ಗುಡಿಯ ಬಾಗಿಲಲ್ಲಿ ಅತ್ತಳು.

ಮಂಡಲ ಮುಗಿದರೂ ಅವಳು ಬಿಡಲಿಲ್ಲ, ಇನ್ನೊಂದು ಮಂಡಲ ಎಂದಳು. ರವಿಕೆಗಳೆಲ್ಲ ಸಡಿಲವಾದವು. ಯುಗಾದಿ ಮುಗಿದ ವಾರ ತಾನೇ ತಾನಾಗಿ ಮುಟ್ಟಾದಳು. ಮುಂದಿನ ಸಲ ಮೂವತ್ತೈದು ದಿನಕ್ಕೆ. ಅದರ ಮುಂದಿನದು ಮೂವತ್ತೆರಡಕ್ಕೆ. ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಅವಳು ಒಳಗೊಳಗೇ ನಗುತ್ತಿದ್ದಳು. ಜಗಲಿಯ ಮೇಲೆ ಖುಷಿಯಾಗಿ ಕೂತ ಹೆಂಗಸು ಆ ಊರಿನಲ್ಲಿ ಅವಳೊಬ್ಬಳೇ ಇರಬೇಕು.

ಆದರೆ ಒಳಗಿನಿಂದ ನೋಡುತ್ತಿದ್ದ ಮುನಿಶಾಮಮ್ಮನಿಗೆ ಕಂಡದ್ದೇ ಬೇರೆ. ಮೊದಲಾದರೆ ಮೂರು ತಿಂಗಳಾದರೂ ಬಸುರು ನಿಲ್ಲುತ್ತಿತ್ತು. ಹರಕೆ ಹೊತ್ತ ಮೇಲೆ ತಿಂಗಳು ತಿಂಗಳೂ ಜಗಲಿ! ಇನ್ನು ಈ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ ಎಂದು ದೇವಿಯೇ ಉತ್ತರ ಕೊಟ್ಟಾಯಿತು ಎಂದುಕೊಂಡಳು. ಅವಳು ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಪಕ್ಕದಲ್ಲಿ ಕೂತು ತಿನ್ನಿಸುವುದನ್ನು ನಿಲ್ಲಿಸಿದಳು, ಅಷ್ಟೆ. ಮನೆ ತಣ್ಣಗಾಯಿತು.

ಆಷಾಢ ಹಿಡಿದ ವಾರ ಗಂಗರತ್ನಳ ತಂಗಿ ಕನಕ ತಗಡಿನ ಟ್ರಂಕು ಹೊತ್ತುಕೊಂಡು ಬಸ್ಸಿಳಿದಳು. ಹದಿನೆಂಟು ತುಂಬಿದ ಹುಡುಗಿ. "ಅಸುಗಳನ್ನ ನೋಡ್ಕೊಳ್ಳಾಕೆ ಕೈ ಸಾಲ್ದು ಅಂದ್ರಂತೆ, ಅಮ್ಮ ಕಳ್ಸಿದ್ಲು," ಎಂದಳು. ಇದ್ದದ್ದು ಎರಡು ಹಸು. ಗಂಗರತ್ನ ಕೋದಂಡಪ್ಪನ ಕಡೆ ನೋಡಿದಳು. ಅವನು ಸೈಕಲ್ಲಿನ ಚೈನು ಸರಿಮಾಡುತ್ತ ತಲೆ ಎತ್ತಲೇ ಇಲ್ಲ. ಅಕ್ಕನಿಗೆ ಮಕ್ಕಳಾಗದಿದ್ದರೆ ಅದೇ ಮನೆಗೆ ತಂಗಿಯನ್ನು ತರುವುದು ಆ ಕಡೆ ಯಾರೂ ಆಶ್ಚರ್ಯಪಡುವ ಸಂಗತಿಯಲ್ಲ. ಊರಿಗೆಲ್ಲ ಗೊತ್ತಿತ್ತು. ಆ ಅಕ್ಕತಂಗಿಯರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ದಿನ ಕನಕಳ ತಲೆ ಬಾಚುತ್ತಿದ್ದಾಗ ಗಂಗರತ್ನಳ ಕೈ ನಿಂತುಹೋಯಿತು. ತಂಗಿಯ ಗಲ್ಲದ ಕೆಳಗೆ ನಾಲ್ಕೈದು ಗಡುಸು ಕೂದಲು. ಬಂದು ಐದು ವಾರವಾಗಿದೆ, ಈ ಹುಡುಗಿ ಜಗಲಿಗೆ ಹೋಗಿಲ್ಲ.

"ಕನಕಾ, ನೀನು ಮುಟ್ಟಾಗಿ ಎಷ್ಟ್ ದಿನ ಆಯ್ತೇ?"

"ನಾಲ್ಕ್ ತಿಂಗ್ಳು. ಅಮ್ಮ ಯಾರ್ಗೂ ಯೋಳ್ಬ್ಯಾಡ ಅಂದವ್ಳೆ. ಯಾಕಕ್ಕ?"

ಗಂಗರತ್ನ ಜಡೆ ಹೆಣೆದು ಮುಗಿಸಿದಳು. ಅವಳ ಕಣ್ಣಮುಂದೆ ಎಲ್ಲ ಬಂದುಹೋಯಿತು: ಬಿಳಿ ಅನ್ನ, ತುಪ್ಪ, ಪಾನಕ, ಆಮೇಲೆ ರಕ್ತ, ಆಮೇಲೆ ಬಾವಿಕಟ್ಟೆಯಿಂದ ಎದ್ದು ಹೋಗುವ ಹೆಂಗಸರು. ತನಗಾದದ್ದೆಲ್ಲ ಇವಳಿಗೂ ಕಾದಿತ್ತು, ಅದೂ ಇದೇ ಮನೆಯಲ್ಲಿ.

ಶ್ರಾವಣದ ಕಡೆಯ ಸೋಮವಾರ ಅವಳ ತಾಯಿ ಅಶ್ವತ್ಥಮ್ಮ, ನಾಲ್ಕು ಜನ ಹಿರಿಯರ ಜೊತೆ ಎಲೆ ಅಡಿಕೆಯ ಶಾಸ್ತ್ರಕ್ಕೆ ಬಂದಳು. ಗಂಗರತ್ನ ತಾಯಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅಮ್ಮಾ, ಕನಕಂಗೂ ನನ್ನಂಗೇ ಅಲ್ವಾ?"

ಅಶ್ವತ್ಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿನ್ ಕಾಲ್ ಹಿಡ್ಕೊಂತೀನಿ ಗಂಗೀ, ಬಾಯ್ ಬಿಡಬ್ಯಾಡ. ಬ್ಯಾರೆ ಮನೇಗೆ ಕೊಟ್ರೆ ಆಚೆಗಟ್ತಾರೆ. ಇಲ್ಲಾದ್ರೆ ನೀನಿದ್ದೀಯಾ, ಮುಚ್ಚಾಕ್ತೀಯಾ. ಊರ್ ಮುಂದೆ ಗೊತ್ತಾದ್ರೆ ಅವ್ಳನ್ನ ಇನ್ಯಾರೂ ಕೇಳಲ್ಲ."

ತಾಯಿ ಹೇಳಿದ್ದು ನಿಜ. ಬಾಯಿ ಬಿಟ್ಟರೆ ತಂಗಿಯ ಬಾಳು ಹೋಯಿತು. ಬಿಡದಿದ್ದರೆ ತನ್ನದೂ ಹೋಯಿತು, ತಂಗಿಯದೂ ಹೋಯಿತು, ನಿಧಾನವಾಗಿ. ಹಿತ್ತಲಿನಿಂದ ನಡುಮನೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನೂ ನಡೆದು ಗಂಗರತ್ನ ಒಳಗೆ ಬಂದಳು.

ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಜೋಡಿಸಿ ಮುನಿಶಾಮಮ್ಮ ಕೈ ಚಾಚಿದ್ದಳು. ಕನಕ ಹೊಸ ಸೀರೆ ಉಟ್ಟು, ಏನೂ ತಿಳಿಯದ ಮುಖ ಮಾಡಿಕೊಂಡು ಕಂಬಕ್ಕೆ ಒರಗಿದ್ದಳು.

"ಅತ್ತೇ, ನಿಲ್ಸಿ," ಎಂದಳು ಗಂಗರತ್ನ. "ನಾನು ಒಂದ್ ಸಲಾನೂ ಬಸ್ರಿ ಆಗಿರ್ಲಿಲ್ಲ. ಯಾವ ಬಸ್ರನ್ನೂ ನಾನು ನುಂಗ್ಲಿಲ್ಲ. ಅದೊಂದು ಕಾಯ್ಲೆ. ಹರಕೆ ಅಂದಿದ್ದೂ ಸುಳ್ಳು, ಡಾಕ್ಟ್ರು ನಡಿ ಅಂದಿದ್ರು, ಅದುಕ್ಕೆ ನಡದೆ. ಈಗ ತಿಂಗ್ಳು ತಿಂಗ್ಳೂ ಆಗ್ತಿರೋದು ವಾಸಿ ಆಗ್ತಿರೋದುಕ್ಕೆ. ಕನಕಂಗೂ ಇದೇ ಕಾಯ್ಲೆ ಐತೆ. ನಾಲ್ಕ್ ತಿಂಗ್ಳಾಯ್ತು ಅವ್ಳು ಮುಟ್ಟಾಗಿ. ನನ್ ಮಾತು ನಂಬ್ದಿದ್ರೆ ನಿಮ್ ಮಗನ್ನ ಕೇಳಿ."

ಎಲ್ಲರೂ ಕೋದಂಡಪ್ಪನ ಕಡೆ ತಿರುಗಿದರು. ಅವನು ನೆಲ ನೋಡಿದ, ಸೂರು ನೋಡಿದ. "ಔದು," ಎಂದ, ಅರ್ಧ ಗಂಟಲಿನಲ್ಲಿ. ಅವನು ಆಯಸ್ಸಿನಲ್ಲಿ ಮಾಡಿದ ಒಂದೇ ದೊಡ್ಡ ಕೆಲಸ ಅದು, ಅದಕ್ಕಾಗಿ ಅವನಿಗೆ ಉಳಿದದ್ದನ್ನೆಲ್ಲ ನಾನು ಮನ್ನಿಸುತ್ತೇನೆ.

ಅಶ್ವತ್ಥಮ್ಮ ಮಗಳ ಕೆನ್ನೆಗೆ ಬಾರಿಸಿದಳು. ಹಿರಿಯರು ಎದ್ದು ಟವೆಲ್ಲು ಕೊಡವಿಕೊಂಡು ಹೊರಗೆ ನಡೆದರು. ಕನಕ ಅಳಲಿಲ್ಲ. ಟ್ರಂಕು ಎತ್ತಿಕೊಂಡು ಬಾಗಿಲಲ್ಲಿ ನಿಂತು, "ನಿನ್ ಗಂಡನ್ನ ಉಳಿಸ್ಕೊಳ್ಳಾಕೆ ನನ್ನ ಊರ್ ಮುಂದೆ ನಿಲ್ಸ್‌ಬಿಟ್ಟೆ ಅಲ್ವಾ ಅಕ್ಕಾ?" ಎಂದಳು. ಇಲ್ಲ ಎಂದರೆ ನಿಜವೋ ಸುಳ್ಳೋ ಗಂಗರತ್ನಳಿಗೇ ಗೊತ್ತಿರಲಿಲ್ಲ.

ಆಮೇಲೆ ಆ ಮನೆಯಲ್ಲಿ ಅತ್ತೆಗೆ ಸೊಸೆಯೊಡನೆ ಮಾತಿಲ್ಲ. ಮುನಿಶಾಮಮ್ಮ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾಳೆಂದು ಬಾವಿಕಟ್ಟೆಯಲ್ಲಿ ಸುದ್ದಿ. ಗಂಗರತ್ನ ಮಾತ್ರ ದಿನಾ ಕತ್ತಲು ಹರಿಯುವ ಮುಂಚೆ ಎದ್ದು, ಈಗ ಯಾವ ಹರಕೆಯ ನೆವವೂ ಇಲ್ಲದೆ, ಊರೆಲ್ಲ ನೋಡುತ್ತಿರುವಂತೆಯೇ ದಿಣ್ಣೆ ಹತ್ತಿ ಇಳಿಯುತ್ತಿದ್ದಳು. ಮಾರನೆಯ ವರ್ಷ ಯುಗಾದಿ ಕಳೆದು ಅವಳು ಒಂದು ತಿಂಗಳು ಜಗಲಿಗೆ ಬರಲಿಲ್ಲ. ಮತ್ತೆ ಶುರುವಾಯಿತು ಎಂದು ಅವಳ ಜೀವ ಬಾಯಿಗೆ ಬಂತು. ಡಾಕ್ಟರು ಪರೀಕ್ಷೆ ಮಾಡಿ, "ಈ ಸಲ ನಿಜ," ಎಂದರು. ನಂಬದೆ ಇನ್ನೊಮ್ಮೆ ಕೇಳಿದಳು. ಕೊನೆಯ ತಿಂಗಳವರೆಗೂ ಅವಳು ಯಾರಿಗೂ ತಾನಾಗಿ ಹೇಳಲಿಲ್ಲ, ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ಹೆಣ್ಣು ಹುಟ್ಟಿತು. ತವರಿನಿಂದ ಯಾರೂ ಬರಲಿಲ್ಲ. ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮುನಿಶಾಮಮ್ಮ ಒಂದು ಮಾತೂ ಆಡದೆ ಕೂಸಿಗೆ ಎಣ್ಣೆ ನೀರು ಹಾಕುತ್ತಿದ್ದಳು. ತಂಗಿಯ ಬಾಳು ತಿಂದು ಹೆತ್ತಳೆಂದು ಊರು ಹೊಸ ಮಾತು ಕಟ್ಟಿತು. ಗಂಗರತ್ನ ಅದಕ್ಕೆ ಅಂಜಲಿಲ್ಲ. ಅವಳು ಅಂಜಿದ್ದು ಕೂಸಿನ ಮುಖ ನೋಡಿ. ಅಕ್ಕನಿಗೆ ಬಂತು, ತಂಗಿಗೆ ಬಂತು, ಇವಳಿಗೆ?

ಮೂರು ತಿಂಗಳ ಕೂಸು ತೊಟ್ಟಿಲಲ್ಲಿದ್ದಾಗ, ಒಂದು ಮಧ್ಯಾಹ್ನ ಕನಕ ಬಂದು ಬಾಗಿಲಲ್ಲಿ ನಿಂತಳು. ಒಂದೂವರೆ ವರ್ಷದಲ್ಲಿ ಗುರುತು ಸಿಗದಷ್ಟು ದಪ್ಪಗಾಗಿದ್ದಳು, ಮುಖದ ಬಣ್ಣ ಕೆಟ್ಟಿತ್ತು. ನಾಲ್ಕು ಕಡೆಯವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಬಾರದೆ ಉಳಿದಿದ್ದರು. ತೊಟ್ಟಿಲಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ನಿನ್ ಮಗೀನ ನೋಡಾಕೆ ಬಂದಿಲ್ಲ ನಾನು. ನಿನ್ನ ಕ್ಷಮಿಸ್ದೆ ಅಂತಾನೂ ಅಂದ್ಕೊಬ್ಯಾಡ," ಎಂದಳು. ಆಮೇಲೆ ದನಿ ಇಳಿಸಿ, "ಏಳ್ ತಿಂಗ್ಳಾಯ್ತಕ್ಕಾ. ನಂಗೆ ಭಯ ಆಗ್ತೈತೆ. ಎಷ್ಟೊತ್ತಿಗೆ ಎದ್ದು ನಡೀಬೇಕು, ಏನ್ ತಿನ್ಬೇಕು, ಅದೊಂದು ಯೋಳು ಸಾಕು," ಎಂದಳು.

ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದ ಮುನಿಶಾಮಮ್ಮ ಈ ಕಡೆ ತಿರುಗದೆಯೇ ಮಾತಾಡಿದಳು. ಶಾಸ್ತ್ರ ಮುರಿದ ದಿನದಿಂದ ಸೊಸೆಯ ಜೊತೆ ಅವಳಾಡಿದ ಮೊದಲ ಮಾತು.

"ಊಟಕ್ಕಿಕ್ಕು ಅವ್ಳಿಗೆ. ಅನ್ನ ಬ್ಯಾಡ. ಚಿಕ್ಕ ಮುದ್ದೆ ಕಟ್ಟಿವ್ನಿ."