ಕಿಟಕಿಯಾಚೆಯ ಪಾಲಿಶ್ ಮೇಸ್ತ್ರಿ

ನಮ್ಮ ಬೀದಿಯಲ್ಲಿ ಅವನನ್ನು ‘ಕನ್ನಡಿ’ ಎಂದೇ ಕರೆಯುವುದು. ಅವನು ಪಾಲಿಶ್ ಮಾಡಿದ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯ ಉಂಡೆಗೆ ಹೀರಿಸಿ, ಮರದ ಮೇಲೆ ತಿರುಗಿಸಿ ತಿರುಗಿಸಿ ಉಜ್ಜುವ ಕೆಲಸ. ಆ ಸ್ಪಿರಿಟ್ ಕುಡಿದರೆ ಕಣ್ಣು ಹೋಗುತ್ತದೆಂದು ಅವನಿಗೂ ಗೊತ್ತು. ಎಂದೂ ಬಾಯಿಗೆ ಹಾಕಿದವನಲ್ಲ. ಆದರೆ ದಿನವಿಡೀ ಆ ವಾಸನೆಯಲ್ಲಿ ಮುಳುಗಿದವನ ಕಾಲು ಸಂಜೆಯಾದರೆ ತಾನಾಗಿ ಮೂಲೆಯ ಹೆಂಡದಂಗಡಿಗೆ ನಡೆಯುತ್ತಿತ್ತು. ಆ ಅಂಗಡಿಗೆ ಲೈಸೆನ್ಸ್ ಕೊಟ್ಟ ಸರ್ಕಾರವೇ ಕುಡುಕರಿಗೆ ಆಸ್ಪತ್ರೆಯಲ್ಲಿ ವಾರ್ಡನ್ನೂ ಕಟ್ಟಿಸಿತ್ತು. ಹಳ್ಳ ತೋಡುವವರೂ ಅವರೇ, ಏಣಿ ಇಡುವವರೂ ಅವರೇ.

ಮೊದಲ ಸಲ ಹೆಂಡತಿ ಅವನನ್ನು ಆ ವಾರ್ಡಿಗೆ ಸೇರಿಸಿದಳು. ಕೈ ನಡುಗಿತು, ಗೋಡೆಯ ಮೇಲೆ ಇಲ್ಲದ ಇರುವೆಗಳು ಹರಿದವು, ಗ್ಲೂಕೋಸ್ ಏರಿಸಿದರು, ನಡುಕ ಇಳಿಯಿತು. ಮೈಯೊಳಗಿನ ವಿಷ ಇಳಿಸುವುದಷ್ಟೇ ಅಲ್ಲಿಯ ಕೆಲಸ. ಮನೆಗೆ ಬಂದ, ತನ್ನ ಪಾಲಿಶ್ ಅಂಗಡಿ ತೆರೆದ, ಮತ್ತೆ ಅದೇ ರಾಗ ಅದೇ ಹಾಡು.

ಎರಡನೇ ಸಲ ಊರಾಚೆಯ ಕೇಂದ್ರ. ಗೇಟಿಗೆ ಬೀಗ, ಬೆಳಗ್ಗೆ ಕಸರತ್ತು, ಮಧ್ಯಾಹ್ನ ಉಪದೇಶ. ಬೀಗ ಹಾಕಿ ಮನುಷ್ಯನನ್ನು ತಿದ್ದುವುದಾದರೆ ಜೈಲಿನಿಂದ ಬಂದವರೆಲ್ಲ ಸಂತರಾಗಬೇಕಿತ್ತು. ಅವನಂತೂ ಕುಂಬಳಕಾಯಿಯ ಹಾಗೆ ದುಂಡಗಾಗಿ ಬಂದ. ಹೆಂಡತಿ ಮನೆಯೆಲ್ಲ ಜಾಲಾಡಿ ಕೆಮ್ಮಿನ ಔಷಧಿಯನ್ನೂ ಬಚ್ಚಲಿಗೆ ಸುರಿದಿದ್ದಳು. ಆಮೇಲೆ, ಕೈಗೆ ಕೆಲಸ ಸಿಕ್ಕರೆ ಮನಸ್ಸು ನಿಲ್ಲುತ್ತದೆಂದು, ಹೊಸ ಉಂಡೆ ಕಟ್ಟಿ, ಸ್ಪಿರಿಟ್‌ನಲ್ಲಿ ಅರಗು ಕರಗಿಸಿ, ಡಬ್ಬಿ ತುಂಬ ಪಾಲಿಶ್ ಸಿದ್ಧಮಾಡಿ ಅವನ ಮುಂದಿಟ್ಟಳು. ಪ್ರೀತಿಯಿಂದಲೇ ಇಟ್ಟಳು. ಅವತ್ತು ಸಂಜೆ ಅವನನ್ನು ಮೋರಿಯ ಪಕ್ಕದಿಂದ ಎತ್ತಿ ತಂದೆವು.

ಮೂರನೇ ಸಲ ಹೋದದ್ದು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಚಿಕಿತ್ಸೆಗೆ. ಮಾತ್ರೆ, ಮಾತುಕತೆ, ಕುಡಿತ ಬಿಟ್ಟವರೊಂದಿಗೆ ಸುತ್ತ ಕುರ್ಚಿ ಹಾಕಿಕೊಂಡು ಕೂರುವ ಸಭೆ. ಅಲ್ಲಿಯ ಸಲಹೆಗಾರ್ತಿ ಕೇಳಿದಳು:

“ಏನು ಕೆಲಸ ನಿಮ್ದು?”

“ಪಾಲಿಶ್, ಮೇಡಂ.”

“ಏನು ಹಾಕಿ ಮಾಡ್ತೀರಿ?”

“ಸ್ಪಿರಿಟ್.”

ಅವಳು ಹೆಂಡತಿಯ ಕಡೆ ತಿರುಗಿದಳು. “ಇದನ್ನ ಮೊದಲು ಯಾರಿಗೂ ಹೇಳಿಲ್ವಾ, ಅಮ್ಮಾ?”

“ಯಾರೂ ಕೇಳ್ಲಿಲ್ಲ ಮೇಡಂ. ಎಲ್ಲರೂ ಕೇಳಿದ್ದು ಎಷ್ಟು ಕುಡೀತಾರೆ ಅಂತ.”

ಸದ್ಯಕ್ಕೆ ಸ್ಪಿರಿಟ್ ಹತ್ತಿರ ಸುಳಿಯಬೇಡಿ, ಮೇಣ ಉಜ್ಜುವ ಕೆಲಸ ಮಾಡಿ ಎಂದಳು. ಕನ್ನಡಿಯ ಮುಖ ಬಾಡಿತು. ಸಭೆಯಲ್ಲಿ ಹೇಳಿಕೊಂಡ: “ಮೇಣದಲ್ಲಿ ಮರ ಮಂಕು ಬಡಿದ ಹಾಗೆ ಕಾಣುತ್ತೆ. ನನ್ನ ಕೈ ಕತ್ತರಿಸಿ ಮನೆಗೆ ಕಳಿಸಿದ ಹಾಗಾಯ್ತು.”

ಪಕ್ಕದಲ್ಲಿದ್ದ ಬಸ್ ಕಂಡಕ್ಟರ್ ಬಿಡಲಿಲ್ಲ. “ನಿನಗೆ ಒಂದೇ ಡಬ್ಬಿ ಕಣಯ್ಯಾ. ನನಗೆ ಸ್ಟಾಪಿಗೊಂದು ಅಂಗಡಿ. ಸೀಟಿ ಊದು, ಮುಂದೆ ಹೋಗು!”

ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ಕುಡಿತ ಬಿಟ್ಟರೆ ಕಸುಬು ಬಿಡಬೇಕು, ಕಸುಬು ಹಿಡಿದರೆ ಪ್ರಾಣ ಬಿಡಬೇಕು.

ದಾರಿ ಹುಡುಕಿದವಳು ಹೆಂಡತಿ. ಈಗ ಉಂಡೆ ಅವಳ ಕೈಯಲ್ಲಿ. ಗಾಳಿ ಹಿಂಬಾಗಿಲ ಕಡೆಗೆ ಬೀಸುವ ಹೊತ್ತು ನೋಡಿ ಅವಳು ಒಳಗೆ ಉಜ್ಜುತ್ತಾಳೆ. ಅವನು ಬೀದಿಯಲ್ಲಿ ಸ್ಟೂಲು ಹಾಕಿಕೊಂಡು ಕಿಟಕಿಯಿಂದ ನೋಡುತ್ತಾನೆ.

“ನಿಲ್ಲಿಸಬೇಡ ಕಣೇ! ಉಂಡೆ ನಿಂತರೆ ಕಲೆ ಬೀಳುತ್ತೆ!”

“ಉಂಡೆ ನಿಲ್ಲಿಸಿಲ್ಲ ರೀ. ನೀವು ಬಾಯಿ ನಿಲ್ಲಿಸಿ.”

“ಎಂಟು ಬರೆದ ಹಾಗೆ ತಿರುಗಿಸು.”

“ಮದುವೆಯಾದಾಗಿನಿಂದ ನಿಮ್ಮನ್ನೇ ತಿರುಗಿಸ್ತಾ ಬಂದಿದೀನಿ. ಈ ಉಂಡೆ ಯಾವ ಮಹಾ!”

ಮೊದಲ ಮೇಜು ಚಿರತೆಯ ಮೈಯಂತಾಗಿತ್ತು. ಕೆರೆದು ಮತ್ತೆ ಮಾಡಿಸಿದ. ನಿನ್ನೆ ಮುಗಿದದ್ದರಲ್ಲಿ ಕಿಟಕಿಯ ಸರಳುಗಳು ಕಂಡವು, ಸರಳುಗಳ ನಡುವೆ ಅವನ ಮುಖವೂ.

ಗೆದ್ದ ಎಂದು ನಾನು ಬರೆಯುವುದಿಲ್ಲ. ಇವತ್ತು ಕುಡಿದಿಲ್ಲ, ಅಷ್ಟೇ.

ಕೆಲಸ ಮುಗಿಸಿ ಅವಳು ಹಿತ್ತಲಿಗೆ ಬಂದು ಸೋಪು ಹಚ್ಚಿಕೊಂಡಳು. ಅವನು ಮಾರು ದೂರ ನಿಂತು ತೋಳು ಚಾಚಿ ಚೊಂಬಿನಿಂದ ನೀರು ಹೊಯ್ದ. ಅವಳು ಬೆರಳು ಮೂಸಿ ನೋಡಿದಳು.

“ಇನ್ನೂ ಇದೆ ರೀ. ಹತ್ತಿರ ಬರಬೇಡಿ.”

“ಹೋಗೋ ತನಕ ಹೊಯ್ತೀನಿ,” ಅಂದ ಅವನು, ಚೊಂಬನ್ನು ಮತ್ತೆ ತುಂಬಿಸುತ್ತ. “ಕೈ ಹಿಡಿ.”